ರೇಷ್ಮೆಗೆ ತೆರೆದ ಬಾಗಿಲು, ರಟ್ಟೆಗೆ ಹಾಕಿದ ಅಗಳಿ

ಬೆಂಗಳೂರಿನಿಂದ ಉತ್ತರಕ್ಕೆ, ಹೆಬ್ಬಾಳ ಯಲಹಂಕಗಳನ್ನು ಹಿಂದೆ ಬಿಟ್ಟು ಬಳ್ಳಾರಿ ರಸ್ತೆಯಲ್ಲಿ ಹೊರಟವರಿಗೆ ದೇವನಹಳ್ಳಿ ಸುಮಾರು 40 ಕಿಲೋಮೀಟರು ದೂರ. ಹಿಂದಿನ ಪ್ರಯಾಣಿಕನ ಲಕ್ಷ್ಯವೆಲ್ಲ ಇಲ್ಲಿನ ಕೋಟೆಯ ಮೇಲೆ. ಇಂದಿನವನಿಗೆ ಮೊದಲು ಎದುರಾಗುವುದು 2008ರ ಮೇ ತಿಂಗಳಿನಲ್ಲಿ ಆರಂಭವಾದ ಅಂತರರಾಷ್ಟ್ರೀಯ ವಿಮಾನ ನಿಲ್ದಾಣ. ಕೋಟೆ ಇನ್ನೂ ಮುಂದೆ, ಊರೊಳಗೆ, ತನ್ನ ಪಾಡಿಗೆ ತಾನು ನಿಂತಿದೆ. 1501ರಲ್ಲಿ ಮಲ್ಲಬೈರೇಗೌಡ ಮಣ್ಣಿನಿಂದ ಕಟ್ಟಿಸಿದ ಈ ಕೋಟೆಗೆ ಕಲ್ಲಿನ ಮೈ ಬಂದುದು ಹೈದರ್ ಮತ್ತು ಟಿಪ್ಪುವಿನ ಕಾಲದಲ್ಲಿ. ಟಿಪ್ಪು ಹುಟ್ಟಿದ ಊರೂ ಇದೇ. ಊರಿಗೆ ಹೆಸರು ತಂದ ಚಕ್ಕೋತ ಹಣ್ಣಾದರೋ ಮೂಲತಃ ಆಗ್ನೇಯ ಏಷ್ಯದ್ದು. ಎಲ್ಲಿಂದಲೋ ಬಂದು ಇಲ್ಲಿ ಬೇರುಬಿಟ್ಟು, ಈಗ ದೇವನಹಳ್ಳಿಯ ಹೆಸರನ್ನು ಹೇಳದೆ ತನ್ನ ಗುರುತು ಹೇಳಿಕೊಳ್ಳಲಾರದಷ್ಟು ಈ ಊರಿನದೇ ಆಗಿಹೋಗಿದೆ.

ಕೋಟೆಗೆ ಬಾಗಿಲಿದ್ದಂತೆ ವಿಮಾನ ನಿಲ್ದಾಣಕ್ಕೂ ಒಂದು ಬಾಗಿಲುಂಟು. ಅಲ್ಲಿ ಗಾಜಿನ ಹಿಂದೆ ಕುಳಿತ ಅಧಿಕಾರಿ ಪಾಸ್‌ಪೋರ್ಟಿನ ಹಾಳೆ ತಿರುವಿ ಮುದ್ರೆ ಒತ್ತುತ್ತಾನೆ. ಹತ್ತನೆಯ ತರಗತಿ ಮುಗಿಸದ ಕೂಲಿಕಾರನೊಬ್ಬ ಕೊಲ್ಲಿ ರಾಷ್ಟ್ರಗಳಂಥ ಕೆಲವು ದೇಶಗಳಿಗೆ ದುಡಿಮೆಗಾಗಿ ಹೋಗುವುದಾದರೆ ಆ ದೇಶದ ವೀಸಾ ಒಂದೇ ಸಾಲದು, ನಮ್ಮ ಸರ್ಕಾರದ ವಲಸೆ ಅನುಮತಿಯೂ ಬೇಕು ಎಂಬುದು 1983ರ ವಲಸೆ ಕಾಯಿದೆಯ ಏರ್ಪಾಡು. ಮೋಸಹೋಗದಂತೆ ಅವನನ್ನು ಕಾಪಾಡುವುದು ಅದರ ಉದ್ದೇಶ. ಬರಮಾಡಿಕೊಳ್ಳುವ ದೇಶವಷ್ಟೇ ಅಲ್ಲದೆ ಕಳಿಸಿಕೊಡುವ ದೇಶವೂ ಬಾಗಿಲು ಕಾಯುವ ಈ ಪದ್ಧತಿಯನ್ನು ಒಂದು ಕಾಲದಲ್ಲಿ ಎರಡು ಬಲಿಷ್ಠ ರಾಷ್ಟ್ರಗಳು ಬೇರೆಯೇ ಕಾರಣಕ್ಕೆ, ಪತ್ರಗಳ ಮೂಲಕ, ಬಹು ನಯವಾಗಿ ಬಳಸಿಕೊಂಡವು. ಆ ಕಥೆಗೆ ರೇಷ್ಮೆಯ ಎಳೆಯೊಂದು ಸುತ್ತಿಕೊಂಡಿದೆ. ಆದ್ದರಿಂದ ಅದನ್ನು ಹೇಳುವುದಕ್ಕೆ ದೇವನಹಳ್ಳಿಯಿಂದ ಶಿಡ್ಲಘಟ್ಟದ ಕಡೆಗೆ ಹೋಗುವ ದಾರಿಯಲ್ಲಿರುವ ವಿಜಯಪುರ ತಕ್ಕ ಸ್ಥಳ.

ಹಳದಿ ಗೂಡು, ಬಿಳಿ ಗೂಡು

ವಿಜಯಪುರದ ರೇಷ್ಮೆಗೂಡಿನ ಮಾರುಕಟ್ಟೆಯನ್ನು ಬೆಳಗಿನ ಹೊತ್ತು ನೋಡಬೇಕು. ಸುತ್ತಲ ಹಳ್ಳಿಗಳ ರೈತರು ತಂದು ಸುರಿದ ಗೂಡುಗಳಲ್ಲಿ ಕೆಲವು ರಾಶಿ ಅರಿಸಿನ ಬಣ್ಣದವು, ಕೆಲವು ಮಲ್ಲಿಗೆಯಂತೆ ಬಿಳಿ. ನೂಲು ಬಿಚ್ಚುವವರು ಗೂಡನ್ನು ಕೈಗೆತ್ತಿಕೊಂಡು, ಕಿವಿಯ ಬಳಿ ಅಲುಗಿಸಿ, ಬೆರಳಲ್ಲಿ ಅದುಮಿ ಬೆಲೆ ಕಟ್ಟುತ್ತಾರೆ. ತಿಂಗಳೊಪ್ಪತ್ತು ಹಗಲಿರುಳೆನ್ನದೆ ಹಿಪ್ಪುನೇರಳೆ ಸೊಪ್ಪು ಹಾಕಿ ಹುಳು ಸಾಕಿದ ಮನೆಯ ಶ್ರಮವೆಲ್ಲ ಒಂದು ಹರಾಜಿನಲ್ಲಿ ಇತ್ಯರ್ಥವಾಗಿಬಿಡುತ್ತದೆ.

ಹಳದಿ ಗೂಡಿನ ವಂಶಾವಳಿ ಸ್ವಾರಸ್ಯವಾದುದು. ಅದು ಮಿಶ್ರತಳಿ. ತಾಯಿ ನಮ್ಮ ಮೈಸೂರು ತಳಿ; ತಂದೆಯ ಮೂಲವನ್ನು ಹುಡುಕುತ್ತ ಹೋದರೆ ಜಪಾನಿಗೆ ಮುಟ್ಟುತ್ತೇವೆ. ಬಿಳಿಯ ದ್ವಿತಳಿ ಗೂಡಿನಲ್ಲಿ ಆ ದೇಶದ ನಂಟು ಇನ್ನೂ ಹೆಚ್ಚು. 1991ರಿಂದ ಜಪಾನಿನ ನೆರವಿನೊಡನೆ ಮೈಸೂರಿನ ರೇಷ್ಮೆ ಸಂಶೋಧನಾ ಸಂಸ್ಥೆಯಲ್ಲಿ ನಡೆದ ಕೆಲಸದ ಫಲ ಅದು. ಟಿಪ್ಪು ಬಂಗಾಳದಿಂದ ಹುಳು ತರಿಸಿ ಈ ಕಸಬಿಗೆ ಇಂಬು ಕೊಟ್ಟಂತೆ, ಅವನ ತರುವಾಯದ ಮೈಸೂರು ತನ್ನ ಗುರುವನ್ನು ಜಪಾನಿನಲ್ಲಿ ಕಂಡುಕೊಂಡಿತು. ಹತ್ತೊಂಬತ್ತನೆಯ ಶತಮಾನದ ಕೊನೆಯ ವರ್ಷಗಳಲ್ಲಿ ಜಮ್‌ಷೆಟ್‌ಜಿ ಟಾಟಾ ಅವರು ಮೈಸೂರು ಸರ್ಕಾರದ ಸಹಾಯದಿಂದ ಬೆಂಗಳೂರಿನಲ್ಲಿ ರೇಷ್ಮೆ ಕ್ಷೇತ್ರವನ್ನು ತೆರೆದಾಗ ಕಲಿಸಲು ಬಂದವರು ಜಪಾನೀ ತಜ್ಞರು. ಆ ಕ್ಷೇತ್ರ ಮರೆಯಾಗಿ ಎಷ್ಟೋ ಕಾಲವಾದರೂ ಬಸವನಗುಡಿಯ ಆಚೆ ‘ಟಾಟಾ ಸಿಲ್ಕ್ ಫಾರಂ’ ಎಂಬ ಬಡಾವಣೆಯ ಹೆಸರು ಉಳಿದಿದೆ. ಇಲ್ಲಿಗೆ ಅನತಿದೂರದ ಮುದ್ದೇನಹಳ್ಳಿಯಲ್ಲಿ ಹುಟ್ಟಿದ ವಿಶ್ವೇಶ್ವರಯ್ಯನವರು 1898ರಲ್ಲಿಯೇ ಜಪಾನ್ ಪ್ರವಾಸ ಮಾಡಿ, ಬಡ ಕೃಷಿಕರ ನಾಡೊಂದು ಒಂದು ತಲೆಮಾರಿನಲ್ಲಿ ತಲೆಯೆತ್ತಿದ ಬಗೆಯನ್ನು ಕಣ್ಣಾರೆ ಕಂಡು ಬಂದಿದ್ದರು.

ಹೀಗೆ ಮೈಸೂರು ಜಪಾನೀಯರನ್ನು ಗುರುಗಳೆಂದು ಮಣೆ ಹಾಕಿ ಕೂರಿಸಿದ ಆ ದಿನಗಳಲ್ಲೇ, ಸಾಗರದ ಆಚೆ ದಡದಲ್ಲಿ ಅದೇ ಜನರನ್ನು ಹೊಸಿಲಾಚೆಯೇ ನಿಲ್ಲಿಸುವ ಸಿದ್ಧತೆ ನಡೆದಿತ್ತು.

ಕಬ್ಬಿನ ತೋಟದಿಂದ ಶಾಲೆಯ ಬಾಗಿಲಿಗೆ

ಜಪಾನಿನ ಹೊಸ ಸರ್ಕಾರ 1873ರಿಂದ ಕಂದಾಯವನ್ನು ನಗದಿನಲ್ಲೇ ಕಟ್ಟಬೇಕೆಂದು ವಿಧಿಸಿತು. ಸೈನ್ಯ, ರೈಲು, ಕಾರ್ಖಾನೆ ಎಲ್ಲಕ್ಕೂ ಹಣ ಬೇಕಿತ್ತು. 1880ರ ದಶಕದಲ್ಲಿ ಬತ್ತದ ಬೆಲೆ ಕುಸಿದಾಗ ಸಣ್ಣ ಹಿಡುವಳಿದಾರರು ಸಾಲಕ್ಕೆ ಸಿಕ್ಕಿ ಭೂಮಿ ಕಳೆದುಕೊಂಡರು. 1885ರಲ್ಲಿ ಸರ್ಕಾರವೇ ಏರ್ಪಡಿಸಿದ ಕರಾರಿನಂತೆ ಮೊದಲ ತಂಡ ಹವಾಯಿ ದ್ವೀಪಗಳ ಕಬ್ಬಿನ ತೋಟಗಳಿಗೆ ಹೊರಟಿತು. ಹಿರೋಷಿಮಾ, ಯಮಗುಚಿ, ಕುಮಾಮೊಟೊ, ಫುಕುವೊಕ ಪ್ರಾಂತಗಳ ಹಳ್ಳಿಗಳಿಂದ ಜನ ಸಾಲುಸಾಲಾಗಿ ಹೋದರು. 1898ರಲ್ಲಿ ಹವಾಯಿ ಅಮೆರಿಕಕ್ಕೆ ಸೇರಿತು. ಎರಡು ವರ್ಷಗಳಲ್ಲಿ ಕರಾರು ಕೂಲಿ ರದ್ದಾಯಿತು. ಹಂಗು ಹರಿದ ಆಳುಗಳು ಹೆಚ್ಚಿನ ಕೂಲಿ ಅರಸುತ್ತ ಕ್ಯಾಲಿಫೋರ್ನಿಯದ ಹಡಗು ಹತ್ತಿ ರೈಲುದಾರಿಗಳಲ್ಲಿಯೂ ಹಣ್ಣಿನ ತೋಟಗಳಲ್ಲಿಯೂ ದುಡಿಯತೊಡಗಿದರು.

ಚೀನೀ ಕೂಲಿಗಳನ್ನು ಅಮೆರಿಕ 1882ರ ಕಾಯಿದೆಯಿಂದ ಹೊರಗಿಟ್ಟಿತ್ತು. ಈಗ ಅದೇ ಕೂಗು ಜಪಾನೀಯರ ಮೇಲೆ ಎದ್ದಿತು. 1905ರಲ್ಲಿ ಸ್ಯಾನ್‌ಫ್ರಾನ್ಸಿಸ್ಕೋದಲ್ಲಿ ಅವರನ್ನು ತಡೆಯಲೆಂದೇ ಒಂದು ಸಂಘ ಹುಟ್ಟಿತು. ಮರುವರ್ಷ ಏಪ್ರಿಲ್‌ನಲ್ಲಿ ಆ ನಗರ ಭೂಕಂಪಕ್ಕೂ ಬೆಂಕಿಗೂ ತುತ್ತಾದಾಗ ಜಪಾನ್ ಕಳಿಸಿದ ನೆರವು, ಉಳಿದೆಲ್ಲ ವಿದೇಶಗಳು ಕೂಡಿ ಕೊಟ್ಟುದಕ್ಕಿಂತ ಮಿಗಿಲಾಗಿತ್ತು. ಅದರ ಬೂದಿ ಆರುವ ಮುನ್ನವೇ, 1906ರ ಅಕ್ಟೋಬರ್ 11ರಂದು, ನಗರದ ಶಾಲಾ ಮಂಡಲಿ ಜಪಾನೀ ಮಕ್ಕಳೆಲ್ಲ ಏಷ್ಯದವರಿಗಾಗಿ ಪ್ರತ್ಯೇಕಿಸಿದ ಶಾಲೆಗೆ ಹೋಗತಕ್ಕದ್ದೆಂದು ಆಜ್ಞೆ ಹೊರಡಿಸಿತು. ಇಷ್ಟು ಗದ್ದಲಕ್ಕೆ ಕಾರಣರಾದ ಮಕ್ಕಳು ಇಡೀ ನಗರದ ಶಾಲೆಗಳಲ್ಲಿ 93 ಮಂದಿ ಮಾತ್ರ!

ಟೋಕಿಯೋದಲ್ಲಿ ರೋಷ ಉಕ್ಕಿತು. 1905ರಲ್ಲಷ್ಟೇ ರಷ್ಯವನ್ನು ಸೋಲಿಸಿದ್ದ ರಾಷ್ಟ್ರ ಅದು. ಆ ಯುದ್ಧದ ಸಂಧಾನ ಮಾಡಿಸಿ ಶಾಂತಿ ಪಾರಿತೋಷಕ ಪಡೆದ ಅಧ್ಯಕ್ಷ ಥಿಯೊಡೋರ್ ರೂಸ್ವೆಲ್ಟ್ ಅವರಿಗೆ ಅದರ ನೌಕಾಬಲ ಎಷ್ಟೆಂಬುದು ಗೊತ್ತಿತ್ತು. ಆದರೆ ಶಾಲೆಗಳು ಕ್ಯಾಲಿಫೋರ್ನಿಯದ ಅಧಿಕಾರಕ್ಕೆ ಸೇರಿದವು. ವಾಷಿಂಗ್ಟನ್ನಿಗೆ ಇತ್ತ ದರಿ, ಅತ್ತ ಪುಲಿ.

ಸಂಭಾವಿತರ ಒಡಂಬಡಿಕೆ

ನಮ್ಮ ಹಳ್ಳಿಗಳಲ್ಲಿ ಕೆಲವು ವ್ಯಾಜ್ಯಗಳು ಕೋರ್ಟಿನ ಮೆಟ್ಟಿಲು ಹತ್ತದೆ ತೀರುತ್ತವೆ. ನಾಲ್ವರು ಹಿರಿಯರು ಜಗುಲಿಯಲ್ಲಿ ಕುಳಿತು, ‘ನೀನು ಇಷ್ಟು ಬಿಡು, ಅವನು ಅಷ್ಟು ಬಿಡಲಿ’ ಎಂದು ರಾಜಿ ಮಾಡಿಸುತ್ತಾರೆ. ಕಾಗದಕ್ಕಿಂತ ಮಾತು ಅಲ್ಲಿ ದೊಡ್ಡದು. ರೂಸ್ವೆಲ್ಟರೂ ಅವರ ವಿದೇಶಾಂಗ ಸಚಿವ ಎಲಿಹು ರೂಟರೂ ಹಿಡಿದ ದಾರಿ ಹೆಚ್ಚು ಕಡಿಮೆ ಇಂಥದೇ. 1907ರ ಫೆಬ್ರವರಿಯಲ್ಲಿ ಸ್ಯಾನ್‌ಫ್ರಾನ್ಸಿಸ್ಕೋದ ಮೇಯರನ್ನೂ ಶಾಲಾ ಮಂಡಲಿಯವರನ್ನೂ ವಾಷಿಂಗ್ಟನ್ನಿಗೆ ಕರೆಸಿ, ಆಜ್ಞೆಯನ್ನು ಹಿಂದೆಗೆದುಕೊಳ್ಳುವಂತೆ ಒಪ್ಪಿಸಲಾಯಿತು. ಪ್ರತಿಯಾಗಿ, ಹವಾಯಿ, ಮೆಕ್ಸಿಕೊ, ಕೆನಡಗಳಿಂದ ಜಪಾನೀ ಹಾಗೂ ಕೊರಿಯದ ಕೂಲಿಗಳು ಅಮೆರಿಕದ ನೆಲಕ್ಕೆ ದಾಟುವುದನ್ನು ಮಾರ್ಚ್ 14ರ ಆದೇಶ ನಿಲ್ಲಿಸಿತು.

ಉಳಿದುದು ಜಪಾನಿನಿಂದ ನೇರವಾಗಿ ಬರುವವರ ಪ್ರಶ್ನೆ. 1907ರ ಕೊನೆಯಿಂದ 1908ರ ಆರಂಭದವರೆಗೆ ಎರಡು ಸರ್ಕಾರಗಳ ನಡುವೆ ಪತ್ರಗಳು ಓಡಾಡಿದವು. ಆಗ ಜಪಾನಿನ ವಿದೇಶಾಂಗ ಸಚಿವರು ಹಯಾಷಿ ತದಾಸು. ಕೂಲಿ ಕೆಲಸಕ್ಕಾಗಿ ಅಮೆರಿಕಕ್ಕೆ ಹೊರಟವರಿಗೆ ಪಾಸ್‌ಪೋರ್ಟನ್ನೇ ಕೊಡುವುದಿಲ್ಲವೆಂದು ಜಪಾನ್ ತಾನಾಗಿ ಒಪ್ಪಿಕೊಂಡಿತು. ಅಮೆರಿಕ ಜಪಾನೀಯರನ್ನು ಹೆಸರಿಸಿ ಬಹಿಷ್ಕರಿಸುವ ಕಾಯಿದೆಯನ್ನು ಮಾಡಲಿಲ್ಲ. ಸಂಧಿಪತ್ರವಿಲ್ಲ, ಸೆನೆಟ್ಟಿನ ಮತವಿಲ್ಲ. ಚರಿತ್ರೆಕಾರರು ಇದನ್ನು ‘ಸಂಭಾವಿತರ ಒಡಂಬಡಿಕೆ’ ಎಂಬರ್ಥದ ಹೆಸರಿನಿಂದ ಕರೆದರು.

ಇದರಲ್ಲಿ ಅಡಗಿದ್ದ ಜಾಣ್ಮೆಯನ್ನು ಗಮನಿಸಬೇಕು. ಬಾಗಿಲು ಸ್ಯಾನ್‌ಫ್ರಾನ್ಸಿಸ್ಕೋದಲ್ಲಿದ್ದರೂ ಅಗಳಿಯನ್ನು ಯೊಕೊಹಾಮದಲ್ಲಿ ಹಾಕಲಾಯಿತು. ಬೇರೆಯವರಿಂದ ತಳ್ಳಿಸಿಕೊಳ್ಳುವುದಕ್ಕಿಂತ ತಾನೇ ತನ್ನವರನ್ನು ತಡೆದರೆ ಮಾನ ಉಳಿಯುತ್ತದೆ ಎಂಬುದು ಜಪಾನಿನ ಲೆಕ್ಕ. ಉಳಿದ ಮಾನ ರಾಷ್ಟ್ರದ್ದು; ಭೂಮಿ ಕಳೆದುಕೊಂಡು ಬಂದರಿನಲ್ಲಿ ಹಡಗಿಗಾಗಿ ಕಾದಿದ್ದ ಒಕ್ಕಲಿಗನನ್ನು ಯಾರೂ ಕೇಳಲಿಲ್ಲ. ಇನ್ನು ಕೊರಿಯದವರ ಪಾಡು ಮತ್ತೂ ಕಷ್ಟ. 1905ರಲ್ಲಿ ತನ್ನ ರಕ್ಷಣೆಗೆ ಒಳಪಡಿಸಿಕೊಂಡು 1910ರಲ್ಲಿ ನುಂಗಿಯೇ ಬಿಟ್ಟ ಆ ದೇಶದ ಕೂಲಿಗಳನ್ನೂ ಜಪಾನೇ ತಡೆಯಿತು. ತನಗಾದ ಅವಮಾನಕ್ಕೆ ನೊಂದವರು ಇತರರ ನೋವನ್ನು ಅರಿತಾರೆಂಬ ನಂಬಿಕೆ ಚರಿತ್ರೆಯಲ್ಲಿ ಹಲವು ಸಲ ಸುಳ್ಳಾಗಿದೆ.

ಒಂದೇ ಬಂದರಿನಲ್ಲಿ ಎರಡು ನ್ಯಾಯ

ಅದೇ ಕಾಲಕ್ಕೆ ಕೆನಡದ ವ್ಯಾಂಕೋವರಿನಲ್ಲಿಯೂ ಗಲಭೆಯೆದ್ದಿತು. 1907ರ ಸೆಪ್ಟೆಂಬರ್ 7ರಂದು ಗುಂಪೊಂದು ಚೀನೀ, ಜಪಾನೀ ಕೇರಿಗಳ ಮೇಲೆ ಬಿದ್ದು ಅಂಗಡಿಗಳನ್ನು ಒಡೆಯಿತು. ಅದಕ್ಕೆ ಕೆಲವೇ ದಿನಗಳ ಹಿಂದೆ ಗಡಿಯ ಈಚೆ ಅಮೆರಿಕದ ಬೆಲ್ಲಿಂಗ್‌ಹ್ಯಾಮಿನಲ್ಲಿ ಮರ ಕೊಯ್ಯುವ ಕಾರ್ಖಾನೆಗಳ ಭಾರತೀಯ ಕೂಲಿಗಳನ್ನು ಹೊಡೆದು ಊರು ಬಿಡಿಸಿದ್ದರು. ಕೆನಡ ತನ್ನ ಮಂತ್ರಿ ರೊಡೋಲ್ಫ್ ಲೆಮ್ಯೂ ಅವರನ್ನು ಟೋಕಿಯೋಗೆ ಕಳಿಸಿತು. ವರ್ಷಕ್ಕೆ 400 ಕೂಲಿಗಳಿಗಿಂತ ಹೆಚ್ಚು ಮಂದಿಯನ್ನು ಕಳಿಸುವುದಿಲ್ಲವೆಂದು ಹಯಾಷಿ ಮಾತು ಕೊಟ್ಟರು.

ಮನುಷ್ಯರನ್ನು ಹೀಗೆ ಎಣಿಸಿ ಬಿಡುತ್ತಿದ್ದ ವ್ಯಾಂಕೋವರ್ ಬಂದರಿನಲ್ಲಿ ಜಪಾನಿನ ರೇಷ್ಮೆಗೆ ಸಿಗುತ್ತಿದ್ದ ಮರ್ಯಾದೆಯೇ ಬೇರೆ. ಹಡಗಿನಿಂದ ಇಳಿದ ಕಚ್ಚಾ ರೇಷ್ಮೆಯ ಮೂಟೆಗಳನ್ನು ತಡಮಾಡದೆ ವಿಶೇಷ ರೈಲಿಗೇರಿಸಿ ಪೂರ್ವಕ್ಕೆ, ನ್ಯೂಯಾರ್ಕಿನ ಪೇಟೆಗೆ ಓಡಿಸುತ್ತಿದ್ದರು. ಆ ‘ರೇಷ್ಮೆ ರೈಲು’ ಬಂದರೆ ಪ್ರಯಾಣಿಕರ ಬಂಡಿಗಳೂ ಪಕ್ಕಕ್ಕೆ ಸರಿದು ದಾರಿ ಬಿಡಬೇಕಾಗಿತ್ತು. 1909ರ ವೇಳೆಗೆ ಜಪಾನ್ ಚೀನವನ್ನು ಹಿಂದಿಕ್ಕಿ ಕಚ್ಚಾ ರೇಷ್ಮೆಯ ರಫ್ತಿನಲ್ಲಿ ಜಗತ್ತಿಗೇ ಮೊದಲಿಗನಾಯಿತು. ಅದರ ದೊಡ್ಡ ಗಿರಾಕಿ ಅಮೆರಿಕ. ರೇಷ್ಮೆ ಬರಲಿ, ಅದನ್ನು ಬೆಳೆದ ಕೈ ಬರುವುದು ಬೇಡ!

ಜಪಾನಿಗಾದರೋ ಮಾತುಕತೆಗೆ ಕರೆಯುವಷ್ಟು ಗೌರವ ದೊರೆಯಿತು. ನಮಗೆ ಅದೂ ಇಲ್ಲ. ಭಾರತೀಯರ ವಲಸೆಯ ಬಗ್ಗೆ ಮಾತನಾಡಲು ಕೆನಡದ ಅಧಿಕಾರಿ ಮೆಕೆನ್ಜಿ ಕಿಂಗ್ 1908ರಲ್ಲಿ ಹೋದದ್ದು ಲಂಡನ್ನಿಗೆ. ಅದೇ ವರ್ಷದ ಜನವರಿಯಲ್ಲಿ, ಹುಟ್ಟಿದ ದೇಶದಿಂದ ಎಲ್ಲಿಯೂ ಇಳಿಯದೆ ಒಂದೇ ಪ್ರಯಾಣದಲ್ಲಿ ಬಂದವರಿಗಷ್ಟೇ ಪ್ರವೇಶ ಎಂಬ ನಿಯಮವನ್ನು ಕೆನಡ ಮಾಡಿತ್ತು. ಭಾರತದ ಹೆಸರನ್ನು ಎತ್ತುವ ಅಗತ್ಯವೇ ಇರಲಿಲ್ಲ. ಇಲ್ಲಿಂದ ಅಲ್ಲಿಗೆ ನೇರ ಹಡಗೇ ಇರಲಿಲ್ಲವಲ್ಲ! 1914ರಲ್ಲಿ ಬಾಬಾ ಗುರುದಿತ್ ಸಿಂಗ್ ಒಂದು ಹಡಗನ್ನು ಬಾಡಿಗೆಗೆ ಹಿಡಿದು, ಹಾಂಗ್‌ಕಾಂಗ್, ಶಾಂಘೈ, ಯೊಕೊಹಾಮಗಳಲ್ಲಿ ಹತ್ತಿಸಿಕೊಂಡ 376 ಮಂದಿಯೊಡನೆ ಮೇ 23ರಂದು ವ್ಯಾಂಕೋವರ್ ಮುಟ್ಟಿದರು. ಆ ಹಡಗೇ ಕೊಮಗಾಟ ಮಾರು. ಹಡಗು ಜಪಾನಿನದು, ಜನ ನಮ್ಮವರು. ಎರಡು ತಿಂಗಳು ದಡದ ಎದುರಲ್ಲೇ ನಿಲ್ಲಿಸಿ, ಇಪ್ಪತ್ತು ಚಿಲ್ಲರೆ ಮಂದಿಯನ್ನು ಮಾತ್ರ ಇಳಿಸಿಕೊಂಡು, ಜುಲೈ 23ರಂದು ಹಿಂದಕ್ಕೆ ಅಟ್ಟಲಾಯಿತು. ಕಲ್ಕತ್ತೆಯ ಬಳಿಯ ಬಜ್‌ಬಜ್‌ನಲ್ಲಿ ಇಳಿದವರ ಮೇಲೆ ಪೊಲೀಸರು ಗುಂಡು ಹಾರಿಸಿದರು, ಹಲವರು ಸತ್ತರು. 1917ರಲ್ಲಿ ಅಮೆರಿಕ ನಕಾಶೆಯ ಮೇಲೆ ಗೆರೆ ಎಳೆದು ಏಷ್ಯದ ಬಹುಭಾಗದವರಿಗೆ ಪ್ರವೇಶವನ್ನು ನಿಷೇಧಿಸಿತು. ಗೆರೆಯೊಳಗೆ ಭಾರತ ಸೇರಿತ್ತು. ಪತ್ರ ಬರೆಯಬಲ್ಲ ಸರ್ಕಾರವಿದ್ದ ಜಪಾನ್ ಸೇರಿರಲಿಲ್ಲ. ಸ್ವರಾಜ್ಯವೆಂದರೇನೆಂಬುದಕ್ಕೆ ಇದೂ ಒಂದು ವ್ಯಾಖ್ಯಾನ.

ಹೆಂಡತಿ ಮಕ್ಕಳ ವಿಷಯ

ಸಂಭಾವಿತರ ಒಡಂಬಡಿಕೆಯಲ್ಲಿ ಒಂದು ಸಣ್ಣ ಕಿಟಕಿ ತೆರೆದಿತ್ತು. ಆಗಲೇ ಅಮೆರಿಕದಲ್ಲಿ ನೆಲೆಸಿದ್ದ ಜಪಾನೀಯರ ತಂದೆತಾಯಿ, ಹೆಂಡತಿ, ಮಕ್ಕಳಿಗೆ ಪಾಸ್‌ಪೋರ್ಟ್ ನಿಲ್ಲಿಸುವುದಿಲ್ಲ ಎಂಬುದು ಆ ಕಿಟಕಿ. ಬ್ರಹ್ಮಚಾರಿ ಕೂಲಿಗಳು ಊರಿಗೆ ತಮ್ಮ ಭಾವಚಿತ್ರ ಕಳಿಸಿದರು. ಅಲ್ಲಿಂದ ಹುಡುಗಿಯರ ಭಾವಚಿತ್ರ ಬಂದವು. ಹಿರಿಯರು ಕುಲಗೋತ್ರ ವಿಚಾರಿಸಿದರು. ವರನಿಲ್ಲದೆಯೇ ಮದುವೆ ದಾಖಲಾಯಿತು. ಹಡಗು ದಡ ಸೇರಿದಾಗ ಕೈಯಲ್ಲಿ ಚಿತ್ರ ಹಿಡಿದು ಗಂಡನನ್ನು ಹುಡುಕಿದ ‘ಚಿತ್ರವಧು’ಗಳ ಸಂಖ್ಯೆ ಸಾವಿರಗಟ್ಟಲೆ. ಹತ್ತು ವರ್ಷ ಹಳೆಯ ಚಿತ್ರವನ್ನು ಕಳಿಸಿದ್ದ ವರ ಮಹಾಶಯರೂ ಇದ್ದರಂತೆ. ನಗುವ ಮಾತಲ್ಲ, ಆ ಹೆಣ್ಣುಮಕ್ಕಳು ಗುಡಿಸಲುಗಳನ್ನು ಮನೆ ಮಾಡಿದರು, ತೋಟದಲ್ಲಿ ಗಂಡನ ಸಮಕ್ಕೆ ದುಡಿದರು. ಅವರ ಮಕ್ಕಳು ಹುಟ್ಟಿನಿಂದಲೇ ಅಮೆರಿಕದ ಪ್ರಜೆಗಳಾದರು. ಕೂಲಿಗಳ ಗುಂಪು ಸಮಾಜವಾಗಿ ಬೇರೂರಿದ್ದು ಹೀಗೆ.

ವಿರೋಧಿಗಳಿಗೆ ಕಣ್ಣುರಿಯಾದದ್ದೂ ಇದೇ. ಗದ್ದಲಕ್ಕೆ ಮಣಿದು 1920ರಲ್ಲಿ ಜಪಾನ್ ಚಿತ್ರವಧುಗಳಿಗೂ ಪಾಸ್‌ಪೋರ್ಟ್ ನಿಲ್ಲಿಸಿತು. ಅದೂ ಸಾಲದೆ 1924ರಲ್ಲಿ ಅಮೆರಿಕದ ಕಾಂಗ್ರೆಸ್ ಒಡಂಬಡಿಕೆಯನ್ನೇ ಬದಿಗೊತ್ತಿ, ಪೌರತ್ವಕ್ಕೆ ಅನರ್ಹರಾದವರು ನೆಲೆಸಲು ಬರುವಂತಿಲ್ಲ ಎಂಬ ಕಾಯಿದೆ ಮಾಡಿತು. ಇತರ ದೇಶಗಳಂತೆ ಲೆಕ್ಕ ಹಾಕಿದ್ದರೂ ಜಪಾನಿಗೆ ದಕ್ಕುತ್ತಿದ್ದುದು ವರ್ಷಕ್ಕೆ ನೂರೈವತ್ತರೊಳಗಿನ ಪಾಲು. ಅಷ್ಟನ್ನೂ ನಿರಾಕರಿಸಲಾಯಿತು. ಕಾಯಿದೆ ಜಾರಿಗೆ ಬಂದ ಜುಲೈ 1ನ್ನು ಜಪಾನಿನಲ್ಲಿ ಅಪಮಾನದ ದಿನವೆಂದು ಆಚರಿಸಿದರು. ಹದಿನಾರು ವರ್ಷ ಕೊಟ್ಟ ಮಾತಿನಂತೆ ನಡೆದುಕೊಂಡುದಕ್ಕೆ ಸಿಕ್ಕ ಫಲ ಇದೇ ಎಂದು ಅಲ್ಲಿನ ಉದಾರವಾದಿಗಳು ತಲೆತಗ್ಗಿಸಿದರು. ಕತ್ತಿ ಮಸೆಯುವವರ ಮಾತಿಗೆ ಕಿವಿಗಳು ಹೆಚ್ಚಾದವು. ನಮಗೆ ಅಮೆರಿಕದ ಬಾಗಿಲು ತುಸು ಸಡಿಲವಾದುದು 1946ರಲ್ಲಿ: ವರ್ಷಕ್ಕೆ 100 ಮಂದಿ.

ಮೈಸೂರಿನ ಅನುಭವ ಇದಕ್ಕೆ ತಿರುವುಮುರುವು. ಇಲ್ಲಿ ಜಪಾನಿನ ಗುರುವಿಗೂ ಹುಳುವಿಗೂ ಸ್ವಾಗತವಿತ್ತು. ತೊಂದರೆ ತಂದುದು ಅಲ್ಲಿನ ಅಗ್ಗದ ನೂಲು. ಅದು 1930ರ ದಶಕದಲ್ಲಿ ಪೇಟೆಗೆ ನುಗ್ಗಿ ನಮ್ಮ ಗೂಡಿನ ಬೆಲೆ ಕುಸಿದಾಗ, 1934ರಲ್ಲಿ ರಕ್ಷಣೆಯ ಸುಂಕ ವಿಧಿಸಬೇಕಾಯಿತು.

ದೊಡ್ಡಬಳ್ಳಾಪುರದ ಮಗ್ಗದ ಬೀದಿಗಳಲ್ಲಿ

ದೇವನಹಳ್ಳಿಯಿಂದ ಪಶ್ಚಿಮಕ್ಕೆ ತಿರುಗಿ ದೊಡ್ಡಬಳ್ಳಾಪುರಕ್ಕೆ ಬಂದರೆ ನೂಲಿನ ಪ್ರಯಾಣದ ಮುಂದಿನ ಹಂತ. ಮಗ್ಗಗಳ ಖಟಖಟ ಸದ್ದು ಮನೆಗಳೊಳಗಿನಿಂದಲೇ ಬೀದಿಗೆ ಬರುತ್ತದೆ. ಊರಾಚೆ ಸಿದ್ಧ ಉಡುಪುಗಳ ಕಾರ್ಖಾನೆಗಳ ಸಾಲು. ದೂರದ ರಾಜ್ಯಗಳಿಂದ ರಟ್ಟೆಯೊಂದನ್ನೇ ಬಂಡವಾಳವಾಗಿ ತಂದವರು ಈ ಸೀಮೆಯ ಕಾರ್ಖಾನೆಗಳಲ್ಲಿಯೂ ಕಟ್ಟಡದ ಕೆಲಸಗಳಲ್ಲಿಯೂ ದುಡಿಯುತ್ತಿದ್ದಾರೆ.

ಈ ಕಥೆಗೆ ಇತ್ತೀಚೆಗೆ ಹೊಸ ಅಧ್ಯಾಯ ಸೇರಿದೆ. ಹಿಂದೆ ಜನ ಹೆಚ್ಚೆಂದು ಹೊರಗೆ ಕಳಿಸುತ್ತಿದ್ದ ಜಪಾನಿಗೆ ಈಗ ದುಡಿಯುವ ಕೈಗಳ ಬರ. 2019ರಲ್ಲಿ ಅದು ಕುಶಲ ಕೆಲಸಗಾರರಿಗಾಗಿ ಪ್ರತ್ಯೇಕ ವೀಸಾ ತೆರೆಯಿತು. 2021ರ ಜನವರಿಯಲ್ಲಿ ಭಾರತದೊಡನೆ ಈ ಕುರಿತು ಒಪ್ಪಂದವಾಯಿತು. ವೃದ್ಧರ ಶುಶ್ರೂಷೆ, ಬೇಸಾಯ, ಕಟ್ಟಡದ ಕೆಲಸ ಮುಂತಾದವಕ್ಕೆ ಭಾಷೆಯ ಪರೀಕ್ಷೆ, ಕಸಬಿನ ಪರೀಕ್ಷೆ ತೇರ್ಗಡೆಯಾದವರು ಹೋಗಬಹುದು. 2025ರ ಆಗಸ್ಟ್‌ನಲ್ಲಿ ಎರಡು ಸರ್ಕಾರಗಳು ಐದು ವರ್ಷಗಳಲ್ಲಿ ಎರಡೂ ಕಡೆ ಸೇರಿ 5 ಲಕ್ಷ ಜನರ ವಿನಿಮಯ, ಅದರಲ್ಲಿ ಭಾರತದಿಂದ 50,000 ಕುಶಲಿಗಳ ಪ್ರಯಾಣ ಎಂಬ ಗುರಿಯನ್ನು ಇಟ್ಟುಕೊಂಡವು. ಈ ಸಲ ಪತ್ರಕ್ಕೆ ರುಜು ಹಾಕಿದವರಲ್ಲಿ ನಾವೂ ಉಂಟು. 1908ಕ್ಕೂ ಇಂದಿಗೂ ಅದೇ ದೊಡ್ಡ ಅಂತರ.

ಆದರೂ ಷರತ್ತನ್ನು ಓದಬೇಕು. ಈ ವೀಸಾದ ಮೊದಲ ದರ್ಜೆಯಲ್ಲಿ ಐದು ವರ್ಷದವರೆಗೆ ದುಡಿಯಬಹುದು. ಸಾಮಾನ್ಯವಾಗಿ ಹೆಂಡತಿ ಮಕ್ಕಳನ್ನು ಕರೆದೊಯ್ಯುವಂತಿಲ್ಲ. ಎರಡನೆಯ ದರ್ಜೆಗೆ ಏರಿದವರಿಗೆ ಮಾತ್ರ ಆ ಅವಕಾಶ. ನಮ್ಮ ನಿಮ್ಮ ಮನೆಯ ಇಂಜಿನಿಯರ್ ಹುಡುಗ ಹೊರದೇಶಕ್ಕೆ ಹೋದರೆ ಕೆಲವು ತಿಂಗಳಲ್ಲಿ ಸೊಸೆಯೂ ಹೋಗುತ್ತಾಳೆ, ಮೊಮ್ಮಗುವನ್ನು ನೋಡಲು ಅತ್ತೆಯೂ ವಿಮಾನ ಹತ್ತುತ್ತಾಳೆ. ಶುಶ್ರೂಷೆಗೆ ಹೋದ ಹಳ್ಳಿಯ ಹುಡುಗಿ ಐದು ವರ್ಷ ಮಗುವಿನ ಮುಖವನ್ನು ಫೋನಿನಲ್ಲಿ ನೋಡಬೇಕಾದೀತು. ಅಂದಿನ ಒಡಂಬಡಿಕೆ ಕೂಲಿಯನ್ನು ತಡೆದರೂ ಸಂಸಾರಕ್ಕೆ ಕಿಟಕಿ ಬಿಟ್ಟಿತ್ತು. ಇಂದಿನದು ಕೂಲಿಯನ್ನು ಕರೆಯುತ್ತದೆ, ಸಂಸಾರವನ್ನು ಮೊದಲಿಗೆ ಹೊರಗಿಡುತ್ತದೆ. ಎಷ್ಟು ಮಂದಿ ಹೋದರೆಂಬ ಲೆಕ್ಕದ ಜೊತೆಗೆ, ಎಷ್ಟು ಮನೆಗಳು ಒಟ್ಟಿಗೆ ಉಳಿದವೆಂಬುದನ್ನೂ ನಮ್ಮ ಸರ್ಕಾರ ಮುಂದಿನ ಮಾತುಕತೆಗಳಲ್ಲಿ ಕೇಳಬೇಕು.

ಕೇಳುವ ಬಾಯಿಗೆ ಬಲ ಬರಬೇಕಾದರೆ ನಮ್ಮ ನಡತೆಯೂ ನೆಟ್ಟಗಿರಬೇಕು. ದೊಡ್ಡಬಳ್ಳಾಪುರಕ್ಕೂ ದೇವನಹಳ್ಳಿಗೂ ಬರುವ ಒಡಿಶಾದವನಿಗೋ ಬಿಹಾರದವನಿಗೋ ವೀಸಾ ಬೇಕಿಲ್ಲ. ಅವನನ್ನು ಯಾವ ಅಗಳಿಯೂ ತಡೆಯುವುದಿಲ್ಲ. ಅವನು ಕಟ್ಟಿದ ಗೋಡೆಯೊಳಗೆ, ಅವನು ಹೊಲಿದ ಅಂಗಿ ತೊಟ್ಟು ನಾವು ಸುಖವಾಗಿದ್ದೇವೆ. ಸ್ಯಾನ್‌ಫ್ರಾನ್ಸಿಸ್ಕೋದ ಗದ್ದಲವೆಲ್ಲ ಆರಂಭವಾದುದು 93 ಮಕ್ಕಳು ಯಾವ ಶಾಲೆಗೆ ಹೋಗಬೇಕೆಂಬಲ್ಲಿಂದ. ಕೆಲಸದ ಷೆಡ್ಡುಗಳ ಬಳಿ ಮರಳ ರಾಶಿಯ ಮೇಲೆ ಆಡುತ್ತಿರುವ ಮಕ್ಕಳು ಯಾವ ಶಾಲೆಗೆ ಹೋಗುತ್ತಾರೆಂದು ಆ ದಾರಿಯಲ್ಲಿ ಹೋಗುವ ಓದುಗರು ಒಮ್ಮೆ ಕಾರು ನಿಲ್ಲಿಸಿ ವಿಚಾರಿಸಬಹುದು.